ಲಾಯರ್ ಹುಡುಕೋ ಮುಂಚೆ ಒಂದು ಹಾಳೆ ಬರೀರಿ

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣ, ಸಿವಿಲ್ ಕೇಸ್ ಚೆನ್ನಾಗಿ ನಡ್ಸೋ ಲಾಯರ್ ಯಾರಾದ್ರೂ ಗೊತ್ತಾ, ಅರ್ಜೆಂಟು" ಅಂದ. ಏನಪ್ಪಾ ವಿಷ್ಯ ಅಂದ್ರೆ ಚಿಕ್ಕಪ್ಪ ತೀರ್ಕೊಂಡ ಮೇಲೆ ಜಮೀನು ಇನ್ನೂ ಭಾಗ ಆಗಿಲ್ಲ, ಅಷ್ಟ್ರಲ್ಲಿ ಇವನ ಅಣ್ಣ ಯಾರ ಹತ್ರನೋ ಅಡ್ವಾನ್ಸ್ ತಗೊಂಡುಬಿಟ್ಟಿದಾನಂತೆ. ನಾನು ನಾಕೇ ಪ್ರಶ್ನೆ ಕೇಳ್ದೆ. ಪಹಣಿ ಯಾರ ಹೆಸರಲ್ಲಿದೆ, ಚಿಕ್ಕಪ್ಪಂಗೆ ಆ ಜಮೀನು ಹೇಗೆ ಬಂತು, ನಿಂಗೆ ಕೋರ್ಟಿಂದ ಏನು ಬೇಕು, ಈ ವಿಷ್ಯ ಗೊತ್ತಾಗಿ ಎಷ್ಟು ದಿನ ಆಯ್ತು. ಒಂದಕ್ಕೂ ನೆಟ್ಟಗೆ ಉತ್ತರ ಇಲ್ಲ. "ಅದನ್ನೆಲ್ಲ ಲಾಯರ್ ನೋಡ್ಕೋತಾರೆ ಬಿಡಣ್ಣ" ಅಂದ.

ನಾವೂ 2015ರಲ್ಲಿ ಹಿಂಗೇ ಅಂದ್ಕೊಂಡಿದ್ವಿ, ಅದಕ್ಕೇ ಎರಡು ವರ್ಷ ದಂಡ ಆಯ್ತು. ನಮ್ಮಮ್ಮನ ತವರು ತುಮಕೂರು ಕಡೆ, ತಾತಂದು ಪಿತ್ರಾರ್ಜಿತ ಜಮೀನು 6 ಎಕರೆ 20 ಗುಂಟೆ. ತಾತ 1998ರಲ್ಲಿ ಹೋದ್ರು, ಇಬ್ರು ಮಾವಂದಿರು ಪೌತಿ ಖಾತೆ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸ್ಕೊಂಡು ತಮ್ಮ ಹೆಸರಿಗೆ ಹಾಕ್ಕೊಂಡ್ರು, ಅಮ್ಮನೂ ದೊಡ್ಡಮ್ಮನೂ ಕೇಳೋಕೆ ಹೋಗ್ಲಿಲ್ಲ. 2015ರಲ್ಲಿ ಚಿಕ್ಕಮಾವ ಮನೆಗೆ ಬಂದು ಕಾಫಿ ಕುಡಿದು, ಜೋಬಿಂದ ಮಡಚಿದ ಪೇಪರ್ ತೆಗೆದು "ಅಕ್ಕ, ಇಲ್ಲೊಂದು ಸೈನ್ ಹಾಕು, ಲೋನಿಗೆ ಬೇಕಂತೆ" ಅಂದ. ಓದಿದ್ರೆ ಹಕ್ಕು ಬಿಡುಗಡೆ ಪತ್ರ. ಅಲ್ಲಿಂದ ಶುರುವಾಗಿದ್ದು ಏಳು ವರ್ಷ ನಡೀತು. ನಾನು ಲಾಯರ್ ಅಲ್ಲ, ತಾಲ್ಲೂಕು ಕೋರ್ಟಿನ ವರಾಂಡದ ಬೆಂಚ್ ಮೇಲೆ ಕೂತು ಕಲ್ತಿದ್ದನ್ನ ಹೇಳ್ತಿದೀನಿ ಅಷ್ಟೆ.

ಮೊದಲು ಆ ಹಾಳೆ ವಿಷ್ಯ. ಒಂದು ಬಿಳಿ ಹಾಳೆ ತಗೊಂಡು ಮೇಲೆ ವಂಶವೃಕ್ಷ ಬರೀರಿ, ಸತ್ತೋರು ಬದುಕಿರೋರು ಮದ್ವೆ ಆಗಿರೋರು ಎಲ್ಲಾರ್ದೂ ಹೆಸ್ರು, ಸತ್ತಿದ್ರೆ ಯಾವ ವರ್ಷ ಅಂತ. ಅದರ ಕೆಳಗೆ ಏನೇನು ಆಯ್ತು ಅನ್ನೋದು ತಾರೀಖಿನ ಪ್ರಕಾರ, ಒಂದೊಂದು ಸಾಲು, ಸಾಕು. ಆಮೇಲೆ ನಿಮ್ಮ ಹತ್ರ ಏನು ದಾಖಲೆ ಇದೆ, ಎದುರಿನವರ ಹತ್ರ ಏನಿರಬಹುದು. ಕೊನೇಲಿ ನಿಮಗೆ ಏನು ಬೇಕು. ಈ ಕೊನೇದೇ ಕಷ್ಟ, "ನ್ಯಾಯ ಬೇಕು" ಅಂತ ಬರೆಯೋದಲ್ಲ, ಕೋರ್ಟು ಕೊಡೋಕಾಗೋ ವಸ್ತು ಬರೀಬೇಕು: ಭಾಗ ಬೇಕಾ, ಮಾರಾಟಕ್ಕೆ ತಡೆ ಬೇಕಾ, ಕೊಟ್ಟ ದುಡ್ಡು ಬಡ್ಡಿ ಸಮೇತ ವಾಪಸ್ ಬೇಕಾ, ಮಾಡಿಸ್ಕೊಂಡಿರೋ ಪತ್ರ ರದ್ದಾಗ್ಬೇಕಾ. ಹಣದ ಕೇಸಾದ್ರೆ ವಂಶವೃಕ್ಷದ ಜಾಗದಲ್ಲಿ ಲೆಕ್ಕ ಬರೀರಿ, ಯಾವತ್ತು ಎಷ್ಟು ಕೊಟ್ರಿ, ಬ್ಯಾಂಕಲ್ಲಾ ಕ್ಯಾಷಾ, ಸಾಕ್ಷಿ ಯಾರು.

ಇದು ಸಿವಿಲ್ ಕೇಸೇನಾ ಅಂತಾನೂ ನೋಡ್ಕೋಬೇಕು. ನಮ್ ಜನ ಮೊದ್ಲು ಓಡೋದು ಸ್ಟೇಷನ್ನಿಗೆ, ಅಲ್ಲಿ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ" ಅಂತ ಕಳಿಸ್ತಾರೆ, ಬೇಜಾರಾದ್ರೂ ಅದು ಸುಳ್ಳಲ್ಲ. ಹೊಡೆದಿದ್ರೆ, ಸಹಿ ಫೋರ್ಜರಿ ಮಾಡಿದ್ರೆ ಪೊಲೀಸ್ ಕಂಪ್ಲೇಂಟ್ ಬೇರೆ ದಾರಿ, ಎರಡೂ ಒಟ್ಟಿಗೆ ನಡೀಬಹುದು, ಆದ್ರೆ ಪೊಲೀಸ್ರು ನಿಮಗೆ ಜಮೀನು ಭಾಗ ಮಾಡಿಕೊಡಲ್ಲ. ಸುಮ್ನೆ ಹೆದರ್ಸೋಕೆ ಒಂದು ಕಂಪ್ಲೇಂಟ್ ಬಿಸಾಕೋಣ ಅನ್ನೋರ ಮಾತು ಕೇಳ್ಬೇಡಿ, ಅದೇ ಕಂಪ್ಲೇಂಟಲ್ಲಿ ಕೋಪದಲ್ಲಿ ಬರೆಸಿದ ಒಂದು ಸಾಲನ್ನ ನಾಳೆ ಪಾಟೀ ಸವಾಲಲ್ಲಿ (ಎದುರು ಲಾಯರ್ ಸಾಕ್ಷಿಗೆ ಪ್ರಶ್ನೆ ಕೇಳೋದು) ನಿಮ್ಮ ಮುಖಕ್ಕೇ ಹಿಡೀತಾರೆ.

ಇನ್ನೊಂದು ತಪ್ಪು ದಾರಿ ರೆವಿನ್ಯೂ ಕೋರ್ಟು. ಇದು ನಮ್ಮದೇ ತಪ್ಪು. ತಹಶೀಲ್ದಾರು, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ) ಇವರೆಲ್ಲ ತೀರ್ಮಾನ ಮಾಡೋದು ಪಹಣಿಲಿ ಯಾರ ಹೆಸ್ರು ಇರ್ಬೇಕು ಅನ್ನೋದನ್ನ. ಪಹಣಿ ಅಂದ್ರೆ ಹಕ್ಕುಪತ್ರ ಅಲ್ಲ, ಅದೊಂದು ದಾಖಲೆ, ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಮಾಲೀಕ ಆಗಲ್ಲ, ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗೋದೂ ಇಲ್ಲ. ಹಕ್ಕು ಯಾರದ್ದು ಅಂತ ಹೇಳೋದು ಸಿವಿಲ್ ಕೋರ್ಟು. ನಾವು ಪೌತಿ ಖಾತೆ ತಪ್ಪು ಅಂತ ಎಸಿ ಹತ್ರ ಅಪೀಲು ಹಾಕ್ಕೊಂಡು ಹದಿನಾಲ್ಕು ತಿಂಗ್ಳು ಓಡಾಡಿದ್ವಿ, ಕೊನೆಗೆ ಆರ್ಡರಲ್ಲಿ ಬಂದಿದ್ದು ಒಂದೇ ಸಾಲು, ಹಕ್ಕಿನ ಬಗ್ಗೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಪಡೆದುಕೊಳ್ಳತಕ್ಕದ್ದು ಅಂತ.

ಆ ಹದಿನಾಲ್ಕು ತಿಂಗ್ಳು ನಮಗೆ ಮುಳುವಾಗ್ಲಿಲ್ಲ, ಆದ್ರೆ ಕೆಲವು ಕೇಸಲ್ಲಿ ಮುಳುವಾಗತ್ತೆ, ಯಾಕಂದ್ರೆ ಕಾಲಮಿತಿ ಅಂತ ಒಂದಿದೆ. 1963ರ ಲಿಮಿಟೇಷನ್ ಆಕ್ಟ್ ಪ್ರಕಾರ ಕೈಸಾಲ ವಸೂಲಿಗೆ 3 ವರ್ಷ. ಕ್ರಯದ ಕರಾರು ಮಾಡ್ಕೊಂಡು ರಿಜಿಸ್ಟರ್ ಮಾಡಿಕೊಡ್ತಿಲ್ಲ ಅಂದ್ರೂ 3 ವರ್ಷ. ಪತ್ರ ರದ್ದು ಮಾಡ್ಸೋಕೆ, ವಿಷ್ಯ ಗೊತ್ತಾದಾಗಿಂದ 3 ವರ್ಷ. ನಿಮ್ಮ ಹಕ್ಕಿನ ಮೇಲೆ ಸ್ವಾಧೀನ ವಾಪಸ್ ಕೇಳೋಕೆ 12 ವರ್ಷ, ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟಿದಾರೆ ಅಂತ ಗೊತ್ತಾದ್ರೆ ಆವತ್ತಿಂದ 12 ವರ್ಷ. "ಕೊಡ್ತೀನಿ ಕೊಡ್ತೀನಿ" ಅಂತ ಸಾಲಗಾರ ಹೇಳ್ತಾ ಇದ್ರೆ ಗಡಿಯಾರ ನಿಲ್ಲಲ್ಲ, ಆ ಮೂರು ವರ್ಷದೊಳಗೆ ಅವನು ಸಾಲ ಇದೆ ಅಂತ ಬರೆದು ಸಹಿ ಹಾಕಿದ್ರೋ, ಸ್ವಲ್ಪ ಕಟ್ಟಿದ್ದಕ್ಕೆ ಅವನ ಕೈಬರಹ ಅಥವಾ ಸಹಿ ಇದ್ರೋ ಆವಾಗ ಹೊಸದಾಗಿ ಎಣಿಕೆ ಶುರು. ಎದುರು ಪಾರ್ಟಿ ಸರ್ಕಾರ ಆದ್ರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 80ರ ನೋಟಿಸ್ ಕೊಟ್ಟು ಎರಡು ತಿಂಗ್ಳು ಕಾದು ದಾವೆ ಹಾಕ್ಬೇಕು. ವ್ಯಾಪಾರದ ವಿವಾದ 3 ಲಕ್ಷಕ್ಕೆ ಮೇಲಿದ್ರೆ ಕಮರ್ಷಿಯಲ್ ಕೋರ್ಟು, ಅಲ್ಲಿ ತುರ್ತು ಆರ್ಡರ್ ಬೇಡ ಅಂದ್ರೆ ದಾವೆಗೆ ಮುಂಚೆ ಮೀಡಿಯೇಷನ್ ಕಡ್ಡಾಯ.

ಈಗ ಪೇಪರ್ರು. ಜಮೀನಿನ ಕೇಸಾದ್ರೆ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ ದಾಖಲೆ, ಊರ ಕಡೆ ಎಂಆರ್ ಅಂತಾರೆ), ಇಸಿ (ಋಣಭಾರ ಪತ್ರ), ಮೂಲ ಕ್ರಯಪತ್ರ ಅಥವಾ ಪಾಲುಪತ್ರ, ವಂಶವೃಕ್ಷ, ಗಡಿ ತಕರಾರಾದ್ರೆ ಹದ್ದುಬಸ್ತು (ಸರ್ವೆಯರ್ ಅಳೆದು ಗಡಿ ಗುರುತಿಸೋದು) ಮಾಡಿಸಿದ ನಕ್ಷೆ. ಈಗಿನ ಪಹಣಿ ಭೂಮಿ ವೆಬ್‌ಸೈಟಲ್ಲಿ ಸಿಗತ್ತೆ, ಹಳೇ ಕೈಬರಹದ್ದು ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಅರ್ಜಿ ಕೊಟ್ಟು ತೆಗೆಸ್ಬೇಕು. ಇಸಿ 2004ರಿಂದ ಈಚೆಗಿಂದು ಕಾವೇರಿ ಆನ್‌ಲೈನಲ್ಲಿ ಬರತ್ತೆ, ಅದಕ್ಕೂ ಹಿಂದಿಂದು ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು. ಲಾಯರ್ ಇವನ್ನೆಲ್ಲ ತರಿಸ್ತಾರೆ, ಆದ್ರೆ ಅವರ ಗುಮಾಸ್ತನ ಓಡಾಟಕ್ಕೂ ನೀವೇ ದುಡ್ಡು ಕೊಡ್ಬೇಕು, ಅದ್ರ ಬದ್ಲು ನೀವೇ ಓಡಾಡಿದ್ರೆ ನಿಮ್ಮ ಕೇಸು ನಿಮಗೆ ಅರ್ಥ ಆಗತ್ತೆ. ನಮಗೆ ಹಂಗೇ ಆಗಿದ್ದು. ಪೌತಿ ಖಾತೆ ಫೈಲಿನ ನಕಲು ತೆಗೆಸಿದಾಗ ಅದರೊಳಗೆ ಮಾವಂದಿರು ಕೊಟ್ಟಿದ್ದ ವಂಶವೃಕ್ಷ ಇತ್ತು, ತಾತನ ಹೆಸರಿನ ಕೆಳಗೆ ಎರಡೇ ಗೆರೆ, ಇಬ್ರು ಗಂಡುಮಕ್ಕಳು, ಹೆಣ್ಣುಮಕ್ಕಳು ಹುಟ್ಟೇ ಇಲ್ಲ ಅನ್ನೋ ಹಂಗೆ. ಅಮ್ಮ ಆ ಹಾಳೆನ ಸುಮಾರು ಹೊತ್ತು ಕೈಲಿ ಹಿಡ್ಕೊಂಡು ಕೂತಿದ್ರು. ಕೇಸಲ್ಲಿ ನಮಗೆ ಬಹಳ ಉಪಯೋಗಕ್ಕೆ ಬಂದ ದಾಖಲೆ ಅದೇ.

ಒರಿಜಿನಲ್ ಯಾರಿಗೂ ಕೊಡ್ಬೇಡಿ, ಕೋರ್ಟಿಗೆ ಸಲ್ಲಿಸೋವರೆಗೂ ನಿಮ್ಮ ಬೀರುಲಿ ಇರ್ಲಿ, ಲಾಯರಿಗೆ ಎರಡು ಸೆಟ್ ಜೆರಾಕ್ಸ್.

ಲಾಯರ್ ಹುಡುಕೋದು

ಲಾಯರ್‌ಗಳು ಜಾಹೀರಾತು ಕೊಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ. ಹಾಗಾಗಿ ಫೋನಲ್ಲಿ "ನಂ 1 ಪ್ರಾಪರ್ಟಿ ಲಾಯರ್" ಅಂತ ಬಂದ್ರೆ ಅದನ್ನ ನೋಡಿ ಹೋಗ್ಬೇಡಿ. ನನ್ನ ಪ್ರಕಾರ ಒಳ್ಳೆ ಉಪಾಯ ಅಂದ್ರೆ ಒಂದು ದಿನ ರಜ ಹಾಕಿ ನಿಮ್ಮ ಕೇಸ್ ನಡೆಯೋ ಕೋರ್ಟ್ ಹಾಲಲ್ಲೇ ಹೋಗಿ ಹಿಂದ್ಗಡೆ ಕೂತ್ಕೊಳ್ಳೋದು. ಸಾಮಾನ್ಯವಾಗಿ ಯಾರನ್ನೂ ತಡೆಯಲ್ಲ. ಯಾರು ಟೈಮಿಗೆ ಬರ್ತಾರೆ, ಯಾರು ಫೈಲ್ ಓದ್ಕೊಂಡು ಬಂದಿದಾರೆ, ಯಾರು ಬರೀ "ಟೈಮ್ ಬೇಕು ಸ್ವಾಮಿ" ಅಂತಾರೆ, ಯಾರ ಪಾಟೀ ಸವಾಲಿಗೆ ಸಾಕ್ಷಿ ಬೆವರ್ತಾನೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೊತ್ತಾಗತ್ತೆ. ಇನ್ನೊಬ್ರು ಕೇಳ್ಬೇಕಾದವರು ಕೋರ್ಟ್ ಹೊರಗೆ ಕೂರೋ ಟೈಪಿಸ್ಟು. ಯಾರ ದಾವಾ ಅರ್ಜಿ ಚೆನ್ನಾಗಿರತ್ತೆ, ಯಾರು ಹಳೇ ಅರ್ಜಿಲಿ ಹೆಸ್ರು ಮಾತ್ರ ಬದಲಾಯಿಸ್ತಾರೆ ಅನ್ನೋದು ಅವರಷ್ಟು ಯಾರಿಗೂ ಗೊತ್ತಿರಲ್ಲ. ಊರಲ್ಲಿ ಕೇಸ್ ಮುಗಿಸ್ಕೊಂಡಿರೋರನ್ನ ಕೇಳಿ, ಕೇಸ್ ನಡೀತಿರೋರನ್ನ ಕೇಳ್ಬೇಡಿ, ಅವರಿಗೆ ಅವರ ಲಾಯರು ದೇವರಾಗಿರ್ತಾರೆ ಇಲ್ಲ ದೆವ್ವ ಆಗಿರ್ತಾರೆ.

ಬೆಂಗ್ಳೂರಿನ ದೊಡ್ಡ ಲಾಯರು ಬೇಕು ಅನ್ನೋ ಆಸೆ ಎಲ್ಲಾರ್ಗೂ ಇರತ್ತೆ. ತಾಲ್ಲೂಕು ಕೋರ್ಟಿನ ಅಸಲು ದಾವೆಗೆ ದಿನಾ ಅದೇ ಕೋರ್ಟಲ್ಲಿ ಇರೋ ಲಾಯರೇ ಸರಿ, ಮುದ್ದತ್ತಿಗೆ (ಕೋರ್ಟ್ ಕೊಟ್ಟ ತಾರೀಖಿಗೆ) ಬರ್ಲೇಬೇಕಲ್ಲ. ಮುಂದೆ ಹೈಕೋರ್ಟಿಗೆ ಹೋದ್ರೆ ಆವಾಗ ಬೆಂಗ್ಳೂರೋ ಧಾರವಾಡವೋ ಕಲಬುರಗಿಯೋ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರತ್ತೋ ಅಲ್ಲಿ ನೋಡಿದ್ರಾಯ್ತು.

ಮೊದಲ ಸಲ ಆಫೀಸಿಗೆ ಹೋದಾಗ ಆ ಒಂದು ಹಾಳೆ ಮುಂದಿಡಿ. ಅದನ್ನ ಓದಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ರೆ ಒಳ್ಳೇದು. ಪೇಪರ್ ಮುಟ್ಟದೇನೇ "ಕೇಸ್ ಸ್ಟ್ರಾಂಗಿದೆ, ಗ್ಯಾರಂಟಿ ಗೆಲ್ತೀವಿ" ಅಂದ್ರೆ ಕಾಫಿ ಕುಡಿದು ಎದ್ದು ಬನ್ನಿ. ನಾನು ಎರಡನೇ ಲಾಯರ್ ಹತ್ರ (ಮೊದಲನೇವ್ರ ಕಥೆ ಮುಂದೆ ಬರತ್ತೆ) ಒಂದು ಪ್ರಶ್ನೆ ಕೇಳ್ದೆ, ನೀವೂ ಕೇಳಿ: "ಸಾರ್, ನಮ್ಮ ಮಾವ ಮೊದ್ಲು ನಿಮ್ಮ ಹತ್ರ ಬಂದಿದ್ರೆ ನೀವು ಏನೇನು ಪಾಯಿಂಟ್ ತಗೋತಿದ್ರಿ?" ಅವರು ಕನ್ನಡಕ ತೆಗೆದಿಟ್ಟು ನಕ್ಕು, ಒಂದು, 2001ರಲ್ಲೇ ಭಾಗ ಆಗೋಗಿದೆ ಅಂತೀನಿ, ಎರಡು, ಅಕ್ಕಂಗೆ ಮದ್ವೆ ಖರ್ಚು ಒಡವೆ ಎಲ್ಲಾ ಕೊಟ್ಟಾಗಿದೆ ಅಂತೀನಿ, ಮೂರು, ಇಷ್ಟು ವರ್ಷ ಯಾಕೆ ಸುಮ್ನಿದ್ರಿ ಅಂತೀನಿ ಅಂದ್ರು. ಆಮೇಲೆ ಮಾವಂದಿರ ರಿಟನ್ ಸ್ಟೇಟ್‌ಮೆಂಟಲ್ಲಿ ಬಂದಿದ್ದೂ ಈ ಮೂರೇ.

ಫೀಸು ಮೊದಲ ದಿನವೇ ಮಾತಾಡಿ, ನಾಚ್ಕೋಬೇಡಿ. ಕೆಲವರು ಒಟ್ಟು ಕೇಸಿಗೆ ಇಷ್ಟು ಅಂತಾರೆ, ಕೆಲವರು ಹಂತ ಹಂತಕ್ಕೆ, ಕೆಲವರು ಒಂದೊಂದು ಮುದ್ದತ್ತಿಗೆ. ಮುದ್ದತ್ತಿಗೆ ಇಷ್ಟು ಅನ್ನೋದು ನನಗೆ ಹಿಡಿಸಲ್ಲ, ಕೇಸ್ ಎಳೆದಷ್ಟೂ ಲಾಭ ಅನ್ನೋ ಲೆಕ್ಕ ಯಾರಿಗೂ ಒಳ್ಳೇದಲ್ಲ. ಹಂತಕ್ಕೆ ಇಷ್ಟು ಅಂತ ಮಾಡ್ಕೊಂಡು ಒಂದು ಹಾಳೆಲಿ ಬರೆದು, ಅದರಲ್ಲೇ ಕೋರ್ಟ್ ಫೀ, ಟೈಪಿಂಗ್, ನಕಲು, ಕಮಿಷನರ್ (ಸ್ಥಳ ನೋಡಿ ವರದಿ ಕೊಡೋಕೆ ಕೋರ್ಟ್ ನೇಮಿಸೋರು) ಖರ್ಚು ಇವೆಲ್ಲ ಬೇರೇನಾ ಸೇರಿನಾ ಅಂತ ಕೇಳಿ ಗುರುತು ಹಾಕ್ಕೊಳ್ಳಿ. ದುಡ್ಡು ಆದಷ್ಟೂ ಬ್ಯಾಂಕ್ ಮೂಲಕ ಕಳ್ಸಿ. "ಫೀಸ್ ಬೇಡ, ಗೆದ್ದರೆ ಜಮೀನಲ್ಲಿ ಇಷ್ಟು ಪಾಲು ಕೊಡಿ" ಅಂದ್ರೆ ಒಪ್ಕೋಬೇಡಿ, ಹಂಗೆ ಪಾಲು ಮಾತಾಡೋದು ಲಾಯರ್‌ಗಳಿಗೆ ನಿಷಿದ್ಧ. ಕೋರ್ಟ್ ಫೀ ವಿಷ್ಯಕ್ಕೆ ಬಂದ್ರೆ ಹಣದ ದಾವೆಲಿ ಕೇಳೋ ಮೊತ್ತದ ಮೇಲೆ ಲೆಕ್ಕ, ಭಾಗದ ದಾವೆಲಿ ಜಂಟಿ ಸ್ವಾಧೀನ ಇದೆ ಅಂದ್ರೆ ಸಣ್ಣ ನಿಗದಿ ಮೊತ್ತ, ಸ್ವಾಧೀನದಿಂದ ಪೂರ್ತಿ ಹೊರಗಿದ್ದೀವಿ ಅಂದ್ರೆ ನಿಮ್ಮ ಪಾಲಿನ ಬೆಲೆ ಮೇಲೆ ಕಟ್ಬೇಕು, ಹಾಗಾಗಿ ಅರ್ಜಿಲಿ ಸ್ವಾಧೀನದ ಬಗ್ಗೆ ಏನು ಬರೆದಿದಾರೆ ಅನ್ನೋ ಪ್ಯಾರಾನ ಎರಡು ಸಲ ಓದಿ, ನಿಜ ಇರೋದನ್ನೇ ಬರೆಸಿ.

ಇನ್ನು ದುಡ್ಡಿಲ್ಲ ಅಂತ ಕೈ ಚೆಲ್ಲಬೇಡಿ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರತ್ತೆ. 1987ರ ಕಾನೂನು ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇರ್ಲಿ ಉಚಿತವಾಗಿ ಲಾಯರ್ ಕೊಡ್ತಾರೆ, ಬೇರೆಯವರಿಗೆ ಆದಾಯ ಮಿತಿ ಇದೆ. ಫೋನ್ ಮಾಡಿ ಕೇಳೋದಾದ್ರೆ 15100. ನಮ್ಮಮ್ಮಂಗೂ ಇದು ಸಿಗ್ತಿತ್ತು, ನಮಗೆ ಗೊತ್ತಾಗಿದ್ದು ಎರಡನೇ ಲಾಯರಿಗೆ ಅಡ್ವಾನ್ಸ್ ಕೊಟ್ಟ ಮೇಲೆ!

ವಕಾಲತ್ತು ಅನ್ನೋ ಹಾಳೆಗೆ (ನಿಮ್ಮ ಪರ ಕೇಸ್ ನಡ್ಸೋಕೆ ಲಾಯರಿಗೆ ಅಧಿಕಾರ ಕೊಡೋ ಪತ್ರ) ಸಹಿ ಹಾಕೋವಾಗ ಓದಿ. ಅದರಲ್ಲಿ ಸಾಮಾನ್ಯವಾಗಿ ರಾಜಿ ಮಾಡೋ, ದುಡ್ಡು ಪಡೆಯೋ ಅಧಿಕಾರನೂ ಸೇರಿರತ್ತೆ. ಬೇಡ ಅನ್ಸಿದ್ರೆ ಹೊಡೆದು ಹಾಕಿ ಅಂತ ಕೇಳಬಹುದು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಮಾತ್ರ ಯಾವ ಕಾರಣಕ್ಕೂ ಬೇಡ, "ಪದೇ ಪದೇ ಬರೋದು ತಪ್ಪತ್ತೆ" ಅಂದ್ರೂ ಬೇಡ.

ದಾವೆ ಹಾಕಿದ ಮೇಲೆ

ದಾವೆ ಹೂಡಿದ ತಕ್ಷಣ ಒಂದು ಓಎಸ್ (ಅಸಲು ದಾವೆ) ನಂಬರ್ ಬರತ್ತೆ, ಜೊತೆಗೆ 16 ಅಕ್ಷರ ಅಂಕಿ ಇರೋ ಸಿಎನ್‌ಆರ್ ನಂಬರ್. ಆ ಸಿಎನ್‌ಆರ್‌ನ ಫೋನಲ್ಲಿ ಇಕೋರ್ಟ್ಸ್ ಆ್ಯಪ್‌ಗೆ ಹಾಕಿಟ್ಕೊಳ್ಳಿ, ಮುಂದಿನ ಮುದ್ದತ್ತು ಯಾವಾಗ, ಯಾವ ಹಂತ, ಇವತ್ತು ಏನಾಯ್ತು ಎಲ್ಲಾ ಕಾಣತ್ತೆ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ನಮ್ಮ ಮೊದಲನೇ ಲಾಯರು. ಮಾತು ಬಲು ಜೋರು, ನಮ್ಮ ದೂರದ ನೆಂಟರೊಬ್ರು ಕೊಡಿಸಿದ್ದು. ಫೋನ್ ಮಾಡಿದಾಗೆಲ್ಲ "ನಡೀತಿದೆ ಅಮ್ಮ, ಡೇಟ್ ಬಿದ್ದಿದೆ, ನೀವು ಬರೋದು ಬೇಡ" ಅಂತಿದ್ರು. ಒಂದಿನ ಆಫೀಸಲ್ಲಿ ಯಾರೋ ಈ ಆ್ಯಪ್ ತೋರಿಸಿದ್ರು, ನಮ್ಮ ನಂಬರ್ ಹಾಕಿ ನೋಡಿದ್ರೆ ಕೇಸು ಡಿಸ್‌ಮಿಸ್ ಆಗಿ ಇಪ್ಪತ್ತೆರಡು ದಿನ ಆಗಿತ್ತು. ವಾದಿ ಗೈರು, ವಕೀಲರು ಗೈರು. ನನ್ನ ಕೈಕಾಲು ತಣ್ಣಗಾಯ್ತು. ಹೀಗೆ ಗೈರಿಂದ ವಜಾ ಆದ್ರೆ ಮತ್ತೆ ಕೇಸ್ ಎತ್ತಿಸೋಕೆ 30 ದಿನದೊಳಗೆ ಅರ್ಜಿ ಹಾಕ್ಬೇಕು, ನಮಗೆ ಉಳಿದಿದ್ದು ಎಂಟೇ ದಿನ. ಆ ಎಂಟು ದಿನದಲ್ಲಿ ಹೊಸ ಲಾಯರ್ ಹುಡುಕಿ, ಹಳಬರ ಹತ್ರ ಎನ್‌ಒಸಿ ತಗೊಂಡು, ಅಮ್ಮಂಗೆ ಅಫಿಡವಿಟ್ ಮಾಡಿಸಿ ಅರ್ಜಿ ಹಾಕಿದ್ವಿ. ಕೇಸ್ ಮತ್ತೆ ಎದ್ದು ಕೂರೋಕೆ ಏಳು ತಿಂಗ್ಳು ಬೇಕಾಯ್ತು.

ಲಾಯರ್ ಬದಲಾಯ್ಸೋದು ನಿಮ್ಮ ಹಕ್ಕು. ಫೀಸ್ ಬಾಕಿ ಇದೆ ಅಂತ ಕೇಸಿನ ಫೈಲ್ ಹಿಡಿದಿಟ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ, ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿ ಇದೆ. ಲಾಯರ್ ಮೇಲೆ ದೂರು ಕೊಡ್ಬೇಕು ಅಂದ್ರೆ ಜಾಗ ರಾಜ್ಯ ವಕೀಲರ ಪರಿಷತ್ತು. ಕನ್ಸ್ಯೂಮರ್ ಕೋರ್ಟಿಗೆ ಹೋಗೋಣ ಅಂತಾರೆ ಕೆಲವರು, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು.

ದಾವೆ ಜೊತೆಗೇ ಐಎ (ಮಧ್ಯಂತರ ಅರ್ಜಿ) ಹಾಕಿ ತಾತ್ಕಾಲಿಕ ತಡೆಯಾಜ್ಞೆ ಕೇಳ್ತಾರೆ, ಮಾರಬಾರ್ದು, ಕಟ್ಟಬಾರ್ದು ಅಂತ. ಎದುರಿನವರಿಗೆ ನೋಟಿಸ್ ಇಲ್ದೇನೇ ಸ್ಟೇ ಸಿಗೋದು ತುರ್ತು ತೋರಿಸಿದ್ರೆ ಮಾತ್ರ. ಸಿಕ್ಕಿದ್ರೆ ಆರ್ಡರ್ ನಕಲು ತಗೊಂಡು ತಾಲ್ಲೂಕು ಆಫೀಸಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಿ, ಕೊಳ್ಳೋಕೆ ಬರೋನು ಮೊದಲು ನೋಡೋದು ಅದನ್ನೇ. ಸ್ಟೇ ಸಿಗದೇ ಮಾರಿಬಿಟ್ರೂ ಎಲ್ಲಾ ಮುಗೀತು ಅಂತಲ್ಲ, ಕೇಸ್ ನಡೀತಿರೋವಾಗ ಕೊಂಡವನು ಕೇಸಿನ ತೀರ್ಪಿಗೆ ಕಟ್ಟುಬಿದ್ದೇ ಕೊಂಡ ಹಾಗೆ. ನಿಮ್ಮ ಮೇಲೇ ಯಾರಾದ್ರೂ ಹೀಗೆ ಸ್ಟೇ ತರಬಹುದು ಅನ್ನೋ ಅನುಮಾನ ಇದ್ರೆ ಮೊದಲೇ ಕೇವಿಯೆಟ್ ಹಾಕಿಟ್ಕೊಳ್ಳಿ, 90 ದಿನ ನಡೆಯತ್ತೆ, ನಿಮ್ಮನ್ನ ಕೇಳದೆ ಆರ್ಡರ್ ಮಾಡೋಕಾಗಲ್ಲ.

ಆಮೇಲೆ ಸಮನ್ಸ್. ಅಮೀನ (ಕೋರ್ಟಿನ ಸಮನ್ಸ್ ತಲುಪಿಸೋನು) ಹೋದಾಗ ಮನೆಗೆ ಬೀಗ, ಪೋಸ್ಟಲ್ಲಿ ಕಳಿಸಿದ್ದು ವಾಪಸ್, ಇದರಲ್ಲೇ ತಿಂಗಳುಗಟ್ಟಲೆ ಹೋಗತ್ತೆ, ವಿಳಾಸ ಸರಿಯಾಗಿ ಕೊಡಿ. ಪ್ರತಿವಾದಿ ಸಮನ್ಸ್ ಸಿಕ್ಕಿ 30 ದಿನದಲ್ಲಿ ಲಿಖಿತ ಹೇಳಿಕೆ ಕೊಡ್ಬೇಕು, 90ರವರೆಗೆ ಬೆಳೆಸಬಹುದು ಅಂತ ಕಾನೂನು, ನಡೆಯೋದು ಅದಕ್ಕಿಂತ ಉದ್ದ. ನೀವೇ ಪ್ರತಿವಾದಿ ಆದ್ರೆ ಸಮನ್ಸ್ ತಪ್ಪಿಸ್ಕೊಂಡು ಓಡಾಡೋದು ಜಾಣತನ ಅಲ್ಲ, ಎಕ್ಸ್‌ಪಾರ್ಟಿ ಮಾಡಿ ನಿಮ್ಮ ಮಾತು ಕೇಳದೆ ಡಿಕ್ರಿ ಆಗೋಗತ್ತೆ. ಎರಡೂ ಕಡೆ ಬಂದ ಮೇಲೆ ಜಡ್ಜು ವಾದಾಂಶ ಬರೀತಾರೆ, ಇಷ್ಯೂಸ್ ಅಂತಾರಲ್ಲ ಅದು, ಆಮೇಲೆ ಸಾಕ್ಷಿ.

ಸಾಕ್ಷಿ ಹಂತದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೇಸಲ್ಲಿ ನಿಮ್ಮ ಕೈಲಿ ಇರೋದು ಇದೊಂದೇ. ನಿಮ್ಮ ಮುಖ್ಯ ಹೇಳಿಕೆ ಅಫಿಡವಿಟ್ ರೂಪದಲ್ಲಿ ಹೋಗತ್ತೆ, ಅದನ್ನ ಮನೆಗೆ ತಂದು ಓದಿ, ತಾರೀಖು ಸರ್ವೆ ನಂಬರ್ ಎಲ್ಲ ನಿಮ್ಮ ಹಾಳೆ ಜೊತೆ ಹೋಲಿಸಿ. ಆಮೇಲೆ ಪಾಟೀ ಸವಾಲು. ನಮ್ಮಮ್ಮ ಕಟಕಟೆ ಹತ್ತಿದ ದಿನ ಬೆಳಗ್ಗೆ 11ಕ್ಕೆ ಕೂಗಿದ್ರು, ಶುರುವಾಗಿದ್ದು 3 ಗಂಟೆಗೆ. ಎದುರು ಲಾಯರು ನಯವಾಗೇ ಕೇಳಿದ್ರು, "ನಿಮ್ಮ ಮದುವೆ ಖರ್ಚು ನಿಮ್ಮ ತಮ್ಮಂದಿರು ಹಾಕಿದ್ರು ಅಲ್ವೇನಮ್ಮ?" ಅಮ್ಮ "ಹೌದು ಹಾಕಿದ್ರು, ತಾತನ ಜಮೀನಿನ ರಾಗಿ ಮಾರಿ ಹಾಕಿದ್ರು" ಅಂದ್ರು. ತಾತ ಅಂದಿದ್ದು ನಮ್ಮ ತಾತನ್ನ, ಮನೇಲಿ ನಮ್ಮ ಜೊತೆ ಮಾತಾಡಿ ಮಾತಾಡಿ ಹಂಗೇ ರೂಢಿ, ಜಡ್ಜು "ಯಾರ ತಾತ?" ಅಂತ ಕೇಳಿ ಸರಿಪಡಿಸಿ ಬರೆಸಿದ್ರು. ಕೋರ್ಟಲ್ಲಿ ಹೇಳಿಕೆ ಟೈಪಾಗೋ ರೀತಿಯೇ ಬೇರೆ: "2001ರಲ್ಲಿಯೇ ವಿಭಾಗವಾಗಿದೆ ಎಂದರೆ ಸರಿಯಲ್ಲ" ಅಂತ. ಅಂದ್ರೆ ಲಾಯರ್ ಹೇಳಿದ್ದನ್ನ ನೀವು ಒಪ್ಪಲಿಲ್ಲ ಅಂತ ಅರ್ಥ. ಹೌದು, ಇಲ್ಲ, ಗೊತ್ತಿಲ್ಲ, ನೆನಪಿಲ್ಲ, ಈ ನಾಕರಲ್ಲಿ ನಿಜ ಯಾವುದೋ ಅದನ್ನ ಹೇಳಿ ಬಾಯಿ ಮುಚ್ಕೊಳ್ಳಿ. ಕೇಳದೆ ಇರೋ ಕಥೆ ಬೇಡ. ಗೊತ್ತಿಲ್ಲದ್ದನ್ನ ಗೊತ್ತು ಅನ್ನೋದು ಬೇಡವೇ ಬೇಡ.

ಕೊನೇಲಿ ಟೈಪಾದ ಹಾಳೆ ಮುಂದಿಟ್ಟು ಸಹಿ ಹಾಕಿ ಅಂತಾರೆ. ಅಮ್ಮ ಕನ್ನಡಕ ಮನೇಲಿ ಬಿಟ್ಟು ಬಂದಿದ್ರು, ಸಂಜೆ ಐದಾಗಿತ್ತು, ಎಲ್ಲಾರ್ಗೂ ಹೋಗೋ ಅವಸರ, ಪೆನ್ ಹಿಡ್ಕೊಂಡೇಬಿಟ್ರು. ನಮ್ಮ ಲಾಯರು "ಅಮ್ಮ, ಇರಿ" ಅಂತ ನಿಲ್ಲಿಸಿ ಓದಿ ಹೇಳಿದ್ರು. ಎರಡನೇ ಹಾಳೆಲಿ ಸರ್ವೆ ನಂಬರ್ 47 ಇರೋ ಕಡೆ 41 ಅಂತ ಬಿದ್ದಿತ್ತು. ಅಲ್ಲೇ ಹೇಳಿದ್ದಕ್ಕೆ ಒಂದು ನಿಮಿಷದಲ್ಲಿ ತಿದ್ದಿದ್ರು, ಸಹಿ ಆದ ಮೇಲಾಗಿದ್ರೆ ಅದಕ್ಕೊಂದು ಅರ್ಜಿ, ಅದಕ್ಕೊಂದು ಆಕ್ಷೇಪಣೆ. ಕನ್ನಡಕ ತಗೊಂಡು ಹೋಗಿ, ಅಷ್ಟೇ ಹೇಳೋದು.

ಆಮೇಲೆ ಮಾವಂದಿರ ಸರದಿ. ಇಷ್ಟೊತ್ತಿಗೆ ಕೊರೋನ ಬಂದು ಕೋರ್ಟು ಮುಚ್ಚಿ ತೆಗೆದು ಆಗಿತ್ತು, ಆ ಮಧ್ಯೆನೇ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ಪಿತ್ರಾರ್ಜಿತ ಆಸ್ತಿಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾನೂನಿಗೆ ಈ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರ್ಬೇಕು ಅಂತೇನಿಲ್ಲ. ತಾತ 1998ರಲ್ಲೇ ಹೋಗಿದ್ರಲ್ಲ, ನಮಗಿದ್ದ ದೊಡ್ಡ ಭಯ ಅಲ್ಲಿಗೆ ಹೋಯ್ತು. ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿರೋ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿ ಇದ್ರೆ ಅದನ್ನ ಕೆದಕೋಕಾಗಲ್ಲ. ಮಾವಂದಿರ ಹತ್ರ ಇದ್ದಿದ್ದು 20 ರೂಪಾಯಿ ಛಾಪಾ ಕಾಗದದಲ್ಲಿ ಪಂಚಾಯ್ತಿ ಮುಂದೆ ಬರೆದ ಪಾಲುಪಟ್ಟಿ, 2001ರದ್ದು, ರಿಜಿಸ್ಟರ್ ಇಲ್ಲ. ಅದನ್ನ ಎಕ್ಸಿಬಿಟ್ ಮಾಡೋಕೆ (ಸಾಕ್ಷ್ಯವಾಗಿ ಗುರುತಿಸೋಕೆ) ಹೋದಾಗ ನಮ್ಮ ಲಾಯರು ಎದ್ದು ತಕರಾರು ತೆಗೆದ್ರು, ಮುದ್ರಾಂಕ ಕಡಿಮೆ ಇದೆ ಅಂತ. ಹಾಗಿದ್ರೆ ಕಡಿಮೆ ಬಿದ್ದ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿದ್ರೇನೇ ಸಾಕ್ಷ್ಯಕ್ಕೆ ತಗೊಳ್ಳೋದು, ಕಟ್ಟಿದ್ರೂ ರಿಜಿಸ್ಟರ್ ಇಲ್ಲದ ತೊಂದರೆ ಹಾಗೇ ಉಳಿಯತ್ತೆ. ಆವತ್ತು ಮಧ್ಯಾಹ್ನ ಕೋರ್ಟ್ ಮುಂದಿನ ಹೋಟ್ಲಲ್ಲಿ ದೊಡ್ಡಮಾವ ಆರು ವರ್ಷದ ಮೇಲೆ ಮೊದಲ ಸಲ ಅಮ್ಮಂಗೆ "ಅಕ್ಕ, ಊಟ ಆಯ್ತಾ" ಅಂತ ಕೇಳಿದ್ರು.

ರಾಜಿ ಬಗ್ಗೆ ಮುಂಚೆನೇ ಲೆಕ್ಕ ಹಾಕಿ

ಸಿಪಿಸಿ ಸೆಕ್ಷನ್ 89ರ ಪ್ರಕಾರ ಕೋರ್ಟೇ ಮೀಡಿಯೇಷನ್ನಿಗೆ ಕಳಿಸಬಹುದು. ಬೆಂಗ್ಳೂರಲ್ಲಿ 2007ರಿಂದ ಮೀಡಿಯೇಷನ್ ಸೆಂಟರ್ ಇದೆ, ಈಗ ಜಿಲ್ಲೆ ತಾಲ್ಲೂಕಲ್ಲೂ ನಡೆಯತ್ತೆ. ಅಲ್ಲಿ ಕೂರೋರು ತೀರ್ಪು ಕೊಡಲ್ಲ, ಅಲ್ಲಿ ಆಡಿದ ಮಾತನ್ನ ಆಮೇಲೆ ಕೋರ್ಟಲ್ಲಿ ಎತ್ತೋ ಹಾಗೂ ಇಲ್ಲ. ಲೋಕ್ ಅದಾಲತ್ತಲ್ಲಿ ರಾಜಿ ಆದ್ರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರತ್ತೆ, ಆದ್ರೆ ಅದರ ಮೇಲೆ ಅಪೀಲಿಲ್ಲ, ಹಾಗಾಗಿ ಜನ ಜಾಸ್ತಿ, ಬೇಗ ಸೈನ್ ಹಾಕಿ ಅಂದ್ರೂ ರಾಜಿ ಪತ್ರ ಪೂರ್ತಿ ಓದಿ.

ರಾಜಿ ಮಾಡ್ಕೊಂಡ್ರೆ ಸೋತೆ ಅನ್ನೋ ಭಾವನೆ ಬರತ್ತೆ, ನಮಗೂ ಬಂತು. ಕಾಲು ಭಾಗ ಅಂದ್ರೆ ಅಮ್ಮಂಗೆ 1 ಎಕರೆ 25 ಗುಂಟೆ ಬರ್ಬೇಕಿತ್ತು, ರಾಜಿಲಿ ಒಪ್ಕೊಂಡಿದ್ದು ರಸ್ತೆ ಪಕ್ಕದ 1 ಎಕರೆ. ಲೆಕ್ಕ ಹೇಗೆ ಹಾಕಿದ್ವಿ ಅಂದ್ರೆ, ಭಾಗದ ದಾವೆಲಿ ಗೆದ್ದರೆ ಮೊದಲು ಸಿಗೋದು ಪ್ರಾಥಮಿಕ ಡಿಕ್ರಿ, ನಿನಗೆ ಕಾಲು ಭಾಗ ಇದೆ ಅಂತ, ಯಾವ ಕಾಲು ಅಂತ ಅಲ್ಲ. ಆಮೇಲೆ ಎಫ್‌ಡಿಪಿ, ಅಂದ್ರೆ ಅಂತಿಮ ಡಿಕ್ರಿಯ ಪ್ರಕ್ರಿಯೆ, ವ್ಯವಸಾಯದ ಜಮೀನಾದ್ರೆ ಅದು ಡಿಸಿ ಕಡೆಯಿಂದ ತಹಶೀಲ್ದಾರ್, ಸರ್ವೆಯರ್ ಅಂತ ಹೋಗಿ ಅಳತೆ ಆಗಿ ಬರ್ಬೇಕು, ಮಧ್ಯದಲ್ಲಿ ಅವರು ಅಪೀಲು ಹೋದ್ರೆ ಜಿಲ್ಲಾ ಕೋರ್ಟು, ಆಮೇಲೆ ಹೈಕೋರ್ಟು. ಅಮ್ಮಂಗೆ ಆವಾಗ 66 ವರ್ಷ. ಅಳತೆ, ಚೆಕ್ಕುಬಂದಿ (ನಾಕೂ ಕಡೆ ಗಡಿ), ನಕ್ಷೆ, ಬೋರ್‌ವೆಲ್ ನೀರು, ಗಾಡಿ ದಾರಿ ಎಲ್ಲ ರಾಜಿ ಅರ್ಜಿಲೇ ಬರೆಸಿ ಡಿಕ್ರಿ ತಗೊಂಡ್ವಿ, ಪೋಡಿ (ಸರ್ವೆ ನಂಬರ್ ಒಡೆದು ಬೇರೆ ಮಾಡೋದು) ಮಾಡಿಸಿ 2022ರಲ್ಲಿ ಅಮ್ಮನ ಹೆಸರಿಗೆ ಪಹಣಿ ಬಂತು. ದೊಡ್ಡಮ್ಮ ತಮ್ಮಂದಿರ ಮೇಲೆ ಕೇಸ್ ಹಾಕಲ್ಲ ಅಂತ ಹಠ ಹಿಡಿದಿದ್ರಿಂದ ಅವರನ್ನ ಪ್ರತಿವಾದಿ ಮಾಡಿದ್ವಿ, ಭಾಗದ ದಾವೆಲಿ ಪಾಲುದಾರರು ಒಬ್ರೂ ಬಿಟ್ಟುಹೋಗೋ ಹಾಗಿಲ್ಲ, ಬಿಟ್ರೆ ಆ ಒಂದು ಕಾರಣಕ್ಕೇ ದಾವೆ ಬೀಳಬಹುದು. ಅವರು ಅವರ ಪಾಲಿಗೆ ದುಡ್ಡು ತಗೊಂಡ್ರು.

ಇಷ್ಟೂ ಹೇಳಿ ತಮ್ಮಂಗೆ "ಮೊದ್ಲು ಹಾಳೆ ಬರೆದು ಕಳ್ಸು, ಲಾಯರ್ ನಂಬರ್ ಆಮೇಲೆ" ಅಂದಿದ್ದೆ. ನಿನ್ನೆ ರಾತ್ರಿ ವಾಟ್ಸಾಪಲ್ಲಿ ಫೋಟೋ ಬಂತು. ಪರವಾಗಿಲ್ಲ, ಚೆನ್ನಾಗೇ ಬರ್ದಿದಾನೆ, ತಾರೀಖು, ಸರ್ವೆ ನಂಬರ್, ಅಡ್ವಾನ್ಸ್ ಕೊಟ್ಟವನ ಹೆಸ್ರು ಎಲ್ಲಾ ಇದೆ. ಮೇಲೆ ವಂಶವೃಕ್ಷ, ಚಿಕ್ಕಪ್ಪನ ಹೆಸರು, ಅದರ ಕೆಳಗೆ ಎರಡು ಗೆರೆ, ಅವನೂ ಅವನ ಅಣ್ಣನೂ.

"ಅಕ್ಕನ ಹೆಸ್ರು ಎಲ್ಲೋ?" ಅಂತ ಮೆಸೇಜ್ ಹಾಕಿದೀನಿ. ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.